ಹಾಸಿಗೆ ಬಿಚ್ಚುವವಳ ಮೂಗು

ನನ್ನ ಚಿಕ್ಕಮ್ಮ ಹಳೆಯ ಹಾಸಿಗೆ ಬಿಚ್ಚುವ ಕೆಲಸ ಮಾಡುತ್ತಿದ್ದಳು. ಜನ ವರ್ಷಗಟ್ಟಲೆ ಉರುಳಾಡಿ, ಬೆವರಿ, ಮಕ್ಕಳು ಉಚ್ಚೆ ಹೊಯ್ದು, ಮುದುಕರು ಕಫ ಒರೆಸಿ, ಗಂಟುಗಂಟಾದ ಹತ್ತಿ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು ನಮ್ಮ ಅಂಗಡಿಗೆ ತಂದು ಹಾಕುತ್ತಿದ್ದರು. ಚಿಕ್ಕಮ್ಮ ಅದರ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆಳೆದು, ಉಳಿಯುವುದನ್ನು ಒಂದು ಕಡೆ, ಬಿಸಾಡುವುದನ್ನು ಒಂದು ಕಡೆ ಮಾಡಿ ಯಂತ್ರಕ್ಕೆ ಕೊಡುತ್ತಿದ್ದಳು. ಯಂತ್ರ ಹಿಂಜಿದ್ದನ್ನು ನಾನು ಹೊಸ ಗವುಸಿಗೆ ತುಂಬುತ್ತಿದ್ದೆ. ಅಂಚು ಹೊಲಿಯುವವನನ್ನು ಅವನ ದೊಡ್ಡ ಸೂಜಿಯಿಂದಾಗಿ ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದೆವು. ಮುಂದುಗಡೆ ಫ್ಯಾನಿನ ಕೆಳಗೆ ಯಜಮಾನರು ಕೂರುತ್ತಿದ್ದರು. ಹಾಸಿಗೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದರ ಮೇಲೆ ಮಲಗುವುದೊಂದೇ.

ಹತ್ತಿ ಎಂದರೆ ಬೆಳ್ಳಗೆ, ಮೆತ್ತಗೆ ಎಂದು ನೀವು ಅಂದುಕೊಂಡಿದ್ದರೆ ಒಂದು ದಿನ ನಮ್ಮ ಅಂಗಡಿಗೆ ಬಂದು ನೋಡಬೇಕಿತ್ತು. ಹಳೆಯ ಹಾಸಿಗೆಯ ಹೊಟ್ಟೆ ಸೀಳಿದರೆ ಹೊರಗೆ ಬರುವುದು ಚಹಾದ ಬಣ್ಣದ, ಅಂಟಂಟು ಉಂಡೆ. ಅದರಲ್ಲಿ ತಲೆಗೂದಲು, ಉಗುರಿನ ಚೂರು, ತಿಗಣೆಯ ಸಿಪ್ಪೆ, ಎಲ್ಲವೂ ಇರುತ್ತದೆ. ಒಂದು ಹಾಸಿಗೆಯಲ್ಲಿ ಇಲಿ ಗೂಡು ಮಾಡಿ, ಕೂದಲಿಲ್ಲದ ಕೆಂಪು ಮರಿಗಳನ್ನು ಹಾಕಿತ್ತು. ಇನ್ನೊಂದರಲ್ಲಿ ಕೀವು ಒಣಗಿದ ಬ್ಯಾಂಡೇಜ್ ಸುರುಳಿ ಸಿಕ್ಕಿತ್ತು. ಅದು ಹೊಲಿಗೆಯೊಳಗೆ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೇನೋ ಎಂಬ ಭಯ ನನಗೆ.

ಈ ಹೊಲಸಿನ ನಡುವೆ ಕೂತ ನನ್ನ ಚಿಕ್ಕಮ್ಮನಷ್ಟು ಅಸಹ್ಯಪಡುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಮೂರು ಹೊಲಿಗೆ ಬಿಚ್ಚಿ, ಆ ಸೀಳಿಗೆ ಮೂಗು ಒಡ್ಡಿ, ಮುಖ ಸಿಂಡರಿಸಿ "ಛೀ" ಎನ್ನುವುದು ಅವಳ ಕೆಲಸದ ಮೊದಲ ಹೆಜ್ಜೆ. ಆ ಛೀಯಲ್ಲಿ ಬಗೆಗಳಿದ್ದವು. ಮೊಟಕು ಛೀ ಎಂದರೆ ಬರೀ ಬೆವರು. ಎಳೆದು ಹೇಳಿದರೆ ಉಚ್ಚೆ. ಛೀ ಎಂದು ತಲೆ ಆಚೆ ತಿರುಗಿಸಿ ಉಗಿದರೆ ಆ ಹಾಸಿಗೆಯ ಮೇಲೆ ಯಾರೋ ಬಹಳ ದಿನ ನರಳಿದ್ದಾರೆ ಎಂದು ಅರ್ಥ. ನಾನೂ ದಬ್ಬಣನೂ ಅವಳ ಛೀ ಕೇಳಿಯೇ ಮೂಗಿಗೆ ಬಟ್ಟೆ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದೆವು.

ಗಿರಾಕಿ ಎದುರಿಗಿದ್ದರೂ ಅವಳ ನಾಲಿಗೆಗೆ ಲಂಗುಲಗಾಮು ಇರಲಿಲ್ಲ. ಒಮ್ಮೆ ಒಬ್ಬ ಠಾಕುಠೀಕಿನ ಹೆಂಗಸು ಬಂದು, "ಇದು ನೆಂಟರ ಕೋಣೇದು. ಇದರ ಮೇಲೆ ಯಾರೂ ಮಲಗೇ ಇಲ್ಲ" ಎಂದರು.

ಚಿಕ್ಕಮ್ಮ ಮೂಗು ಒಡ್ಡಿ ನೋಡಿ, "ಯಾರೂ ಮಲಗಿಲ್ಲ ಅಂದ್ರೆ ಉಚ್ಚೆ ಹೊಯ್ದಿದ್ದು ಯಾರಮ್ಮ, ಗೋಡೆನಾ?" ಎಂದಳು.

ಆ ಹೆಂಗಸು ಮತ್ತೆ ಬರಲಿಲ್ಲ. ಯಜಮಾನರು ಬಂದು, "ಸ್ವಲ್ಪ ನಾಜೂಕಾಗಿ ಹೇಳಬಾರದೇನಮ್ಮ" ಎಂದು ಅಂಗಲಾಚಿದರೆ ಅವಳದು ಒಂದೇ ಮಾತು: "ನಾರೋದನ್ನ ನಾರುತ್ತೆ ಅಂತೀನಿ. ಇಲ್ಲದ್ದು ಹೇಳೋಕೆ ನಂಗೆ ಬರಲ್ಲ." ನಿಜಕ್ಕೂ ಅವಳಿಗೆ ಬರುತ್ತಿರಲಿಲ್ಲ. ನನ್ನ ಅಮ್ಮ ಹೊಸ ಸೀರೆ ಉಟ್ಟು "ಹೇಗಿದೆ" ಎಂದರೂ, "ನಿನಗೆ ಒಪ್ಪಲ್ಲ ಬಿಡು" ಎಂದು ಹೇಳಿ ಅನ್ನಕ್ಕೆ ಕೈ ಹಾಕುವವಳು ಅವಳು.

ಮದುವೆ ಆಗದೆ ಉಳಿದದ್ದೂ ಇದರಿಂದಲೇ. ಒಳ್ಳೆಯ ಸಂಬಂಧ ಬಂದಿತ್ತು, ಹುಡುಗನಿಗೆ ಸ್ವಂತ ಮನೆಯಿತ್ತು, ಎಲ್ಲ ಸರಿಯಿತ್ತು. ಅವನ ಹೆಸರು ಕೇಳಿದ ಕೂಡಲೇ ಚಿಕ್ಕಮ್ಮ ಕೈ ಆಡಿಸಿಬಿಟ್ಟಳಂತೆ. "ಬೇಡ ಅಕ್ಕ. ಅವರ ಮನೆ ಹಾಸಿಗೆ ನಾನು ಬಿಚ್ಚಿದ್ದೀನಿ." ಅಮ್ಮ ಇದನ್ನು ಹೇಳುವಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಾಳೆ, ನಾನು ಹೊಟ್ಟೆ ಹಿಡಿದು ನಗುತ್ತೇನೆ. ಅವಳು ಅಮ್ಮನ ಜೊತೆಗೇ, ಅಂದರೆ ನಮ್ಮ ಜೊತೆಗೇ ಉಳಿದಳು. ಅವಳ ಲೋಟ, ಅವಳ ತಟ್ಟೆ, ಅವಳ ಸೋಪು ಬೇರೆ. ನಾನು ಚಿಕ್ಕವಳಿದ್ದಾಗ ಮರೆತು ಅವಳ ಲೋಟದಲ್ಲಿ ನೀರು ಕುಡಿದರೆ ಅದನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಅವಳ ಪ್ರೀತಿಗೇನೂ ಕೊರತೆ ಇರಲಿಲ್ಲ, ನನ್ನ ಎಂಜಲು ಮಾತ್ರ ಆಗುತ್ತಿರಲಿಲ್ಲ.

ಇನ್ನು ಮೂಗು ತೊಳೆಯುವ ವಿಷಯ. ಹಿಂಜುವ ಯಂತ್ರ ಓಡುತ್ತಿದ್ದಾಗ ಗಾಳಿಯ ತುಂಬ ಹಾಳು ಹತ್ತಿಯ ಧೂಳು. ಮುಖಕ್ಕೆ ಬಟ್ಟೆ ಕಟ್ಟಿದರೂ ಅದು ಮೂಗಿನೊಳಗೆ ಸೇರಿ, ಸಿಂಬಳದಲ್ಲಿ ಕಲಸಿ, ಕರಿ ಬತ್ತಿಯ ಹಾಗೆ ಗಟ್ಟಿಯಾಗುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಎಲ್ಲರೂ ಹಿತ್ತಲಿನ ನಲ್ಲಿಯ ಮುಂದೆ ನಿಲ್ಲುತ್ತಿದ್ದೆವು. ಬೊಗಸೆಯಲ್ಲಿ ನೀರು ಹಿಡಿದು, ಮೂಗಿನಿಂದ ಜೋರಾಗಿ ಮೇಲಕ್ಕೆ ಎಳೆದು, ಗಂಟಲಿನಿಂದ ಬಾಯಿಗೆ ತಂದು ಉಗಿಯುವುದು. ಕಣ್ಣಲ್ಲಿ ನೀರು ಬರುವವರೆಗೆ ಎಳೆಯಬೇಕು. ಕರಿ ಬತ್ತಿ ಬಿದ್ದು, ಉಗಿದ ನೀರು ತಿಳಿಯಾಗಬೇಕು. ಇದನ್ನು ಎಲ್ಲರಿಗೂ ಕಲಿಸಿದವಳು ಚಿಕ್ಕಮ್ಮ. ನಾನು ಕೆಲಸಕ್ಕೆ ಸೇರಿದ ಮೊದಲ ಸಂಜೆ ಹಿಂಜರಿದಾಗ ಅವಳು ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, "ಊರವರ ಹೊಲಸನ್ನೆಲ್ಲ ಮೂಗಲ್ಲಿಟ್ಕೊಂಡು ಮನೆಗೆ ಬರ್ತೀಯಾ? ಎಳಿ" ಎಂದಳು. ಎಳೆದೆ. ತಲೆಯೊಳಗೆ ಉರಿ ಎದ್ದಿತು. ಆಮೇಲೆ ಅಭ್ಯಾಸವಾಯಿತು. ಎಷ್ಟು ಅಭ್ಯಾಸವೆಂದರೆ ತೊಳೆಯದಿದ್ದರೆ ಊಟ ಸೇರುತ್ತಿರಲಿಲ್ಲ.

ನಲ್ಲಿಗೆ ನೀರು ಬರುತ್ತಿದ್ದದ್ದು ತಗಡಿನ ಛಾವಣಿಯ ಮೇಲಿದ್ದ ಕರಿ ಟ್ಯಾಂಕಿನಿಂದ. ಅದನ್ನು ತುಂಬಿಸುತ್ತಿದ್ದವನು ನೀರಿನ ಲಾರಿಯವನು. ಎಲ್ಲಿಂದ ತರುತ್ತಿದ್ದನೋ ಅವನಿಗೇ ಗೊತ್ತು. ಬೇಸಿಗೆಯಲ್ಲಿ ಆ ನೀರು ಸಂಜೆಯ ಹೊತ್ತಿಗೂ ಬೆಚ್ಚಗಿರುತ್ತಿತ್ತು. ತಣ್ಣೀರಾದರೆ ಮೂಗು ಜುಮ್ಮೆನ್ನುತ್ತದೆ, ಬೆಚ್ಚಗಿನದು ಹಿತ. ಬೇಸಿಗೆ ಬಂದರೆ ನಮಗೆಲ್ಲ ಮೂಗು ತೊಳೆಯುವುದೇ ಒಂದು ಸುಖ.

ಅಂಥ ಒಂದು ಬೇಸಿಗೆಯ ಬೆಳಿಗ್ಗೆ ಚಿಕ್ಕಮ್ಮ ಕಾಫಿ ಬಾಯಿಗಿಟ್ಟು, "ಹಾಲು ಸೀಯಿಸಿದ್ದೀಯಲ್ಲ ಅಕ್ಕ" ಎಂದಳು. ಹಾಲು ಸೀದಿರಲಿಲ್ಲ. ಅಮ್ಮನಿಗೂ ಅವಳಿಗೂ ಸ್ವಲ್ಪ ಜಟಾಪಟಿಯಾಯಿತು, ದಿನದ ಹಾಗೆ. ಅಂಗಡಿಯಲ್ಲಿ ಆ ದಿನ ಬಂದಿದ್ದದ್ದು ಹಾಸಿಗೆ ಹಿಡಿದು ಸತ್ತ ಯಾರೋ ಅಜ್ಜನ ಹಾಸಿಗೆ. ಹಗ್ಗ ಬಿಚ್ಚಿದ ಕೂಡಲೇ ನನಗೆ ವಾಕರಿಕೆ ಬಂತು, ದಬ್ಬಣ ಬಾಗಿಲಿಗೆ ಓಡಿದ. ಚಿಕ್ಕಮ್ಮ ಸೀಳಿಗೆ ಮೂಗು ಒಡ್ಡಿದಳು, ಇನ್ನೊಮ್ಮೆ ಒಡ್ಡಿದಳು, ಸುಮ್ಮನೆ ಹತ್ತಿ ಎಳೆಯತೊಡಗಿದಳು. ಛೀ ಇಲ್ಲ.

"ಏನಕ್ಕ, ಇವತ್ತು ಬೈಗುಳಕ್ಕೆ ರಜೆನಾ?" ಎಂದು ದಬ್ಬಣ ಬಾಗಿಲಿನಿಂದಲೇ ಕೇಳಿದ.

"ಏನೂ ವಾಸನೆನೇ ಬರ್ತಿಲ್ಲ ಕಣೋ" ಎಂದಳು ಅವಳು. "ತಲೆ ಬೇರೆ ಸಿಡೀತಿದೆ."

ನೆಗಡಿ ಇರಬೇಕು ಎಂದು ನಾವು ನಕ್ಕೆವು. ಮಧ್ಯಾಹ್ನಕ್ಕೆ ಜ್ವರ ಬಂತು. ಮರುದಿನ ಬೆಳಿಗ್ಗೆ ಅವಳು ಮಲಗಿದಲ್ಲೇ ವಾಂತಿ ಮಾಡಿಕೊಂಡು, ಅದರಲ್ಲೇ ಮುಖವಿಟ್ಟು ಬಿದ್ದಿದ್ದಳು. ನನಗೆ ಜ್ವರಕ್ಕಿಂತ ಅದನ್ನು ನೋಡಿಯೇ ಎದೆ ಧಸಕ್ಕೆಂದಿತು. ಕುತ್ತಿಗೆ ಕಟ್ಟಿಗೆಯ ಹಾಗೆ ಬಿಗಿದಿತ್ತು, ಕಿಟಕಿ ತೆರೆದರೆ ಬೆಳಕು ಚುಚ್ಚುತ್ತದೆಂದು ಕಿರುಚುತ್ತಿದ್ದಳು. ಅಮ್ಮ ಅವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ನಾನು ಯಜಮಾನರಿಗೆ ಹೇಳಿ ಬರಲು ಅಂಗಡಿಗೆ ಹೋದೆ. ಹೋದವಳನ್ನು ಅವರು, ಗಿರಾಕಿ ಕಾಯುತ್ತಿದ್ದಾರೆ, ಒಂದೇ ಒಂದು ಹಾಸಿಗೆ ತುಂಬಿ ಹೋಗು ಎಂದು ಹಿಡಿದು ಕೂರಿಸಿದರು. ಆ ಮನುಷ್ಯನ ಮುಖ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅದು ತುಂಬಿ, ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿಕೊಂಡೇ ಆಸ್ಪತ್ರೆಗೆ ಓಡಿದೆ. ವಾರ್ಡಿನ ಹೊರಗೆ ಡಾಕ್ಟರು ಅಮ್ಮನನ್ನು ಕೇಳುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡ ಹೆಂಗಸು, ನಿದ್ದೆಗೆಟ್ಟ ಕಣ್ಣು.

"ಮೆದುಳಿನ ಸುತ್ತ ಸೋಂಕಾಗಿದೆ. ಯಾವುದರಿಂದ ಅಂತ ಬೇಗ ಗೊತ್ತಾಗಬೇಕು. ಈಚೆಗೆ ಕೆರೆ, ಹೊಳೆ, ಈಜುಕೊಳ ಎಲ್ಲಾದ್ರೂ ನೀರಿಗಿಳಿದಿದ್ರಾ?"

ಅಮ್ಮನಿಗೆ ಅವಮಾನವಾದಂತಾಯಿತು. "ನಮ್ಮವಳು ಕೆರೆಗೆ ಇಳಿಯೋದಾ? ಊರವರು ಮುಳುಗಿದ ನೀರು ಅಂತ ಅದರ ಹತ್ತಿರಾನೂ ಸುಳಿಯಲ್ಲ ಅವಳು. ಅವಳಷ್ಟು ಚೊಕ್ಕಟ ಯಾರೂ ಇಲ್ಲ ಡಾಕ್ಟ್ರೆ."

ಡಾಕ್ಟರು ತಲೆಯಾಡಿಸಿ ಒಳಗೆ ಹೋದರು. ಅಮ್ಮ ನನ್ನ ಮುಖ ನೋಡಿ, ಈ ಅವತಾರದಲ್ಲಿ ಅವಳ ಮಂಚದ ಹತ್ತಿರ ಹೋಗಬೇಡ, ಕೈಕಾಲು ಮುಖ ತೊಳೆದು ಬಾ ಎಂದಳು. ಮೂಲೆಯಲ್ಲಿ ಬಿಳಿ ಬೇಸಿನ್ ಇತ್ತು. ಮುಖ ತೊಳೆದೆ. ಕೈ ತಾನೇ ಬೊಗಸೆಯಾಯಿತು. ಮೂಗಿಗೆ ನೀರು ಎಳೆದು, ಕ್ಯಾಕರಿಸಿ, ಆ ಬಿಳಿ ಬೇಸಿನ್ನಿನೊಳಗೆ ಕರಿ ಬತ್ತಿ ಉಗಿದೆ. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಹಿಂದಿನಿಂದ ನರ್ಸ್ ಕೂಗಿದಳು.

"ಏನ್ರೀ ಇದು ಅಸಹ್ಯ! ಜನ ಊಟಕ್ಕೆ ಕೈ ತೊಳೆಯೋ ಜಾಗ ಇದು. ಮೂಗಲ್ಲಿ ನೀರೆಳೆದು ಅದೇನು ಉಗೀತಿದ್ದೀರಿ?"

ಸಾಲಾಗಿ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಒಬ್ಬ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು ನನಗೆ. ಆಗ ಡಾಕ್ಟರು ಬಾಗಿಲಿನಿಂದ ಹೊರಗೆ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಬೇಸಿನ್ನಿಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿದರು.

"ಇದನ್ನ ದಿನಾ ಮಾಡ್ತೀರಾ?"

"ಕೆಲಸ ಮುಗಿದ ಮೇಲೆ, ಮೇಡಂ. ಧೂಳು ಹೋಗ್ಲಿ ಅಂತ."

"ನಿಮ್ಮ ಚಿಕ್ಕಮ್ಮನೂ?"

"ಅವಳೇ ಕಲಿಸಿದ್ದು."

"ಯಾವ ನೀರು?"

"ಟ್ಯಾಂಕಿಂದು. ಛಾವಣಿ ಮೇಲಿರೋದು. ಬೆಚ್ಚಗಿರುತ್ತೆ."

ಅವರು ನರ್ಸನ್ನು ಕರೆದು ಬೇಗ ಬೇಗ ಏನೇನೋ ಹೇಳುತ್ತ ಒಳಗೆ ನಡೆದರು. ಚಿಕ್ಕಮ್ಮನ ಬೆನ್ನುಮೂಳೆಯ ಸಂದಿನಿಂದ ಸೂಜಿಯಲ್ಲಿ ನೀರು ತೆಗೆದರು. ಅದನ್ನು ಆಗಲೇ, ಬಿಸಿಬಿಸಿ ಇದ್ದ ಹಾಗೇ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರಂತೆ. ಹೊರಗೆ ಬಂದು ನಮ್ಮನ್ನು ಕೂರಿಸಿ ಹೇಳಿದರು.

ಅಮೀಬಾ ಅಂತೆ. ಶಾಲೆಯ ಪುಸ್ತಕದಲ್ಲಿ, ಮಗು ಗೀಚಿದಂಥ ಆಕಾರವಿಲ್ಲದ ಒಂದು ಚಿತ್ರ ಇರುತ್ತಿತ್ತಲ್ಲ, ಅದೇ ಜಾತಿಯದು. ಬೆಚ್ಚಗಿನ ನಿಂತ ನೀರಲ್ಲಿ, ಕೆಸರಲ್ಲಿ ತನ್ನ ಪಾಡಿಗೆ ತಾನು ಬದುಕಿಕೊಂಡಿರುತ್ತದೆ. ಅದಕ್ಕೆ ಮನುಷ್ಯರೇ ಬೇಕೆಂದಿಲ್ಲ. ಮೂಗಿನ ಮೇಲ್ಭಾಗಕ್ಕೆ ಹತ್ತಿದರೆ ಮಾತ್ರ, ವಾಸನೆ ತಿಳಿಸುವ ನರ ಹಿಡಿದುಕೊಂಡು ಮೆದುಳಿಗೆ ದಾರಿ ಮಾಡಿಕೊಳ್ಳುತ್ತದೆ. ಹೋದ ದಾರಿಯನ್ನೂ ತಿನ್ನುತ್ತದೆ, ತಲುಪಿದ ಮನೆಯನ್ನೂ ತಿನ್ನುತ್ತದೆ.

"ಆ ನೀರು ಕುಡಿದಿದ್ರೆ ಇದು ಬರ್ತಾನೇ ಇರಲಿಲ್ಲ" ಎಂದರು ಡಾಕ್ಟರು. "ಬಹಳ ಜನ ಉಳಿಯಲ್ಲ. ಯಾಕಂದ್ರೆ ಇದು ಗೊತ್ತಾಗೋದೇ ತಡವಾಗಿ. ಆದರೆ ನಮಗೆ ಇವತ್ತೇ ಗೊತ್ತಾಯ್ತು. ಎಲ್ಲ ಔಷಧಿ ಒಟ್ಟಿಗೇ ಶುರು ಮಾಡ್ತೀವಿ."

ನಾನು ಎದ್ದು ಹೋಗಿ ವಾಂತಿ ಮಾಡಿದೆ. ಬೇಸಿನ್ನಿನಲ್ಲಿ ಅಲ್ಲ, ಹೊರಗೆ ಗಿಡದ ಬುಡದಲ್ಲಿ. ಇಲಿಮರಿ, ಕೀವಿನ ಬ್ಯಾಂಡೇಜ್, ಸತ್ತವನ ಹಾಸಿಗೆ ಎಲ್ಲವನ್ನೂ ನುಂಗಿಕೊಂಡಿದ್ದ ನನ್ನ ಹೊಟ್ಟೆ ಇದನ್ನು ನುಂಗಲಿಲ್ಲ. ಊರವರ ಒಂದು ಕೂದಲೂ ತನ್ನ ಮೈಗೆ ತಾಗಬಾರದು ಎನ್ನುವವಳ ತಲೆಯೊಳಗೆ ಜೀವಂತ ಲೋಳೆ ತೆವಳಾಡುತ್ತಿದೆ. ಅದನ್ನು ಒಳಗೆ ಎಳೆದುಕೊಂಡದ್ದು ಅವಳೇ, ಚೊಕ್ಕಟವಾಗಲೆಂದು. ಅಮ್ಮ ಬಂದು ನನ್ನ ಬೆನ್ನು ಸವರಿ, "ಅವಳಿಗೆ ಎಚ್ಚರ ಆದ್ರೆ ಹೇಳಬೇಡ್ವೇ. ಕಾಯಿಲೆಯಿಂದ ಉಳಿದ್ರೂ ಅಸಹ್ಯಕ್ಕೇ ಸಾಯ್ತಾಳೆ" ಎಂದಳು.

ಮರುದಿನ ನಾನೂ ದಬ್ಬಣನೂ ಏಣಿ ಹಾಕಿ ಟ್ಯಾಂಕು ಹತ್ತಿದೆವು. ಮುಚ್ಚಳ ಅರ್ಧ ಮುರಿದು, ಅದರ ಮೇಲೆ ಒಂದು ಕಲ್ಲು ಇಟ್ಟಿತ್ತು. ಒಳಗಿನ ಗೋಡೆಗೆ ದನದ ನಾಲಿಗೆಯ ಹಾಗೆ ದಪ್ಪ ಹಸಿರು ಲೋಳೆ. ದಬ್ಬಣ ಕೋಲಿನಿಂದ ತಳ ಕಲಕಿದ. ಬೂದು ಕೆಸರು ಎದ್ದಿತು, ಅದರ ಜೊತೆ ಕೊಳೆತು ದಾರದಾರವಾದ ಒಂದು ಹಲ್ಲಿ, ಒಂದು ಪ್ಲಾಸ್ಟಿಕ್ ಚೀಲ, ಹಕ್ಕಿಯ ಪುಕ್ಕ. ಇದರಲ್ಲಿ ನಾವು ಮೂಗು ತೊಳೆದಿದ್ದೆವು. ದಬ್ಬಣ ಏಣಿಯ ಮೇಲೇ ಮೂಗು ಉಜ್ಜಿಕೊಳ್ಳತೊಡಗಿದ. ಹಾಗೆ ಉಜ್ಜಿದರೆ ಹೋಗುವುದೇನೋ ಎಂಬಂತೆ ನಾನೂ ಉಜ್ಜಿಕೊಂಡೆ.

ಯಜಮಾನರು ಕೆಳಗೆ ನಿಂತು, "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲಪ್ಪ" ಎಂದರು. ಅವರ ಕೈಯಲ್ಲಿ ಅಂಗಡಿಯಿಂದ ಕೊಂಡ ನೀರಿನ ಬಾಟಲಿ ಇತ್ತು.

ನಾನು ಬಾಯಿಗೆ ಬಂದಂತೆ ಬೈದೆ. ಚಿಕ್ಕಮ್ಮ ಅಲ್ಲಿ ನಿಂತು ಕೇಳಿದ್ದರೆ ಮೆಚ್ಚುತ್ತಿದ್ದಳು. ಟ್ಯಾಂಕು ಬದಲಾಯಿತು. ನಾವೆಲ್ಲ ಕುದಿಸಿ ಆರಿಸಿದ ನೀರನ್ನು ಮನೆಯಿಂದ ತಂದು ಮುಖ ಮಾತ್ರ ತೊಳೆಯತೊಡಗಿದೆವು. ನಮಗೂ ಬಂದರೆ ಎಂದು ಕೇಳಿದ್ದಕ್ಕೆ ಡಾಕ್ಟರು, ಬರುವುದು ಬಹಳ ಅಪರೂಪ, ತಲೆನೋವು ಜ್ವರ ಬಂದರೆ, ವಾಸನೆ ತಪ್ಪಿದರೆ ಓಡಿ ಬನ್ನಿ ಎಂದಿದ್ದರು. ಕೆಲವು ದಿನ ನಾವು ಬೆಳಿಗ್ಗೆ ಬಂದ ಕೂಡಲೇ ಮೊದಲ ಹಾಸಿಗೆಗೆ ಸರದಿಯಲ್ಲಿ ಮೂಗು ಇಟ್ಟು, ನಾರುತ್ತದೆಯೇ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆವು. ನಾರುತ್ತಿತ್ತು. ಅಷ್ಟು ಸಂತೋಷದಿಂದ ಯಾರೂ ಉಚ್ಚೆ ಮೂಸಿರಲಾರರು.

ಚಿಕ್ಕಮ್ಮ ಉಳಿದಳು. ಬಹಳ ದಿನ ಕೊಳವೆಗಳ ನಡುವೆ ಬಿದ್ದಿದ್ದು, ಒಂದು ಮಧ್ಯಾಹ್ನ ಕಣ್ಣು ತೆರೆದು ಅಮ್ಮನನ್ನು ಗುರುತು ಹಿಡಿದಳು. ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದಳು, ಮಾತು ಹುಡುಕಿ ಹುಡುಕಿ ಆಡುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರೇ ಬಂದವರಿಗೆಲ್ಲ ಅವಳನ್ನು ತೋರಿಸಿ ಹೆಮ್ಮೆಪಟ್ಟಿದ್ದರು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಅವಳಿಗೆ ವಾಸನೆ ಇರಲಿಲ್ಲ. ವಾಸನೆಯ ಜೊತೆ ಅಸಹ್ಯವೂ ಹೋಗಿತ್ತು. ಯಾರ ಲೋಟವಾದರೂ ಎತ್ತಿ ಕುಡಿಯುತ್ತಿದ್ದಳು. ನಾನು ಕಚ್ಚಿ ಬಿಟ್ಟ ಬಿಸ್ಕತ್ತನ್ನು ತೆಗೆದು ತಿಂದಳು. ಕೊನೆಗೆ ಅಮೀಬಾದ ಕಥೆಯನ್ನು ಅಮ್ಮನೇ ನಡುಗುತ್ತ ಹೇಳಿದಾಗ, ಅವಳು "ಹೌದಾ" ಎಂದು ಟೀವಿ ಕಡೆ ತಿರುಗಿದಳು.

"ಒಳ್ಳೇದೇ ಆಯ್ತು ಬಿಡು, ಈಗ ಮನುಷ್ಯರ ಹಾಗಿದ್ದಾಳೆ" ಎಂದಳು ಅಮ್ಮ.

ನನಗೆ ಒಳ್ಳೆಯದೆನಿಸಲಿಲ್ಲ. ಆ ಲೋಳೆ ನನ್ನ ಚಿಕ್ಕಮ್ಮನನ್ನು ತಿಂದು, ಅವಳ ಸೀರೆಯಲ್ಲಿ ಇನ್ಯಾರನ್ನೋ ಕೂರಿಸಿ ಹೋಗಿದೆ ಎನಿಸುತ್ತಿತ್ತು. ಡಾಕ್ಟರು, ವಾಸನೆ ಮರಳಬಹುದು, ಮರಳದಿರಲೂಬಹುದು, ಮೂಸುವ ಅಭ್ಯಾಸ ಮಾಡಿಸಿ ಎಂದಿದ್ದರು. ಅವರು ಹೇಳಿದ್ದು ನಿಂಬೆಹಣ್ಣು, ಲವಂಗ. ನಿಂಬೆಹಣ್ಣಿನಿಂದ ಚಿಕ್ಕಮ್ಮ ಎದ್ದು ಬರುತ್ತಾಳೆಯೇ? ನಾನು ಅಂಗಡಿಯಿಂದ ದಿನಾ ಆ ದಿನದ ಅತ್ಯಂತ ಹೊಲಸು ಹತ್ತಿಯ ಒಂದು ಹಿಡಿಯನ್ನು ಡಬ್ಬಿಯಲ್ಲಿ ಹಾಕಿ ತರತೊಡಗಿದೆ. ಊಟಕ್ಕೆ ಮುಂಚೆ ಅವಳ ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಹಿಡಿದು ಕೇಳುತ್ತಿದ್ದೆ.

"ಏನಾದ್ರೂ ಬಂತಾ ಚಿಕ್ಕಮ್ಮ?"

"ಇಲ್ಲ ಮಗಾ."

ಅಮ್ಮ ಅಡುಗೆಮನೆಯಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು, ನನಗೂ ಆ ಡಬ್ಬಿಗೂ ಸೇರಿಸಿ ಬೈಯುತ್ತಿದ್ದಳು. ನಾನು ಬಿಡಲಿಲ್ಲ. ಬೇಸಿಗೆ ಹೋಗಿ ಮಳೆ ಬಂತು. ಒದ್ದೆ ಹಾಸಿಗೆಗಳು ಇನ್ನೂ ಚೆನ್ನಾಗಿ ನಾರುತ್ತವೆ ಎಂದು ನಾನು ಹೊಸ ಆಸೆಯಿಂದ ತಂದೆ. ಇಲ್ಲ ಮಗಾ, ಇಲ್ಲ ಮಗಾ. ಒಂದು ಸಲ ಡಬ್ಬಿ ಹಿಡಿದುಕೊಂಡೇ ನನಗೆ ಅಳು ಬಂತು. ನಾನು ಅಳುತ್ತಿದ್ದದ್ದು ಕಣ್ಣು ಮುಚ್ಚಿದ್ದ ಅವಳಿಗೆ ಕಾಣಲಿಲ್ಲವೆಂದುಕೊಂಡೆ.

ಒಂದು ಭಾನುವಾರ, ಹಿಂದಿನ ದಿನ ತಂದಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದು, ಎಂದಿನಂತೆ ಉಸಿರು ಬಿಗಿಹಿಡಿದು, ಒಳಗೆ ನೋಡದೆ ಅವಳ ಮೂಗಿನ ಕೆಳಗೆ ಹಿಡಿದೆ. ಅವಳು ಉಸಿರೆಳೆದಳು. ಮುಖ ಸಿಂಡರಿಸಿದಳು. ತಲೆ ಆಚೆ ತಿರುಗಿಸಿದಳು.

"ಛೀ" ಎಂದಳು. "ತೆಗಿಯೇ ಆಚೆ ಅದನ್ನ."

ನನಗೆ ಕುಣಿಯುವ ಹಾಗಾಯಿತು. ಅವಳನ್ನು ತಬ್ಬಿ, ಕೆನ್ನೆಗೆ ಮುತ್ತಿಟ್ಟು, ಡಬ್ಬಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ. "ಅಮ್ಮ, ವಾಸನೆ ಬಂತು. ಛೀ ಅಂದ್ಲು."

ಅಮ್ಮ ಒಲೆಯ ಮುಂದೆ ನಿಂತವಳು ತಿರುಗಿ ಡಬ್ಬಿ ನೋಡಿದಳು. ಅವಳ ಮುಖ ಪೆಚ್ಚಾಯಿತು.

"ಅದನ್ನ ನಾನು ಬೆಳಿಗ್ಗೆನೇ ಚೆಲ್ಲಿದೆ ಕಣೆ" ಎಂದಳು ಮೆಲ್ಲಗೆ. "ತಡೆಯೋಕಾಗ್ಲಿಲ್ಲ. ಡಬ್ಬಿ ಸೋಪು ಹಾಕಿ ತೊಳೆದು, ದಿಂಬಿಗೆ ತಂದಿದ್ದ ಹೊಸ ಹತ್ತಿ ಇಟ್ಟಿದ್ದೆ. ನಿಂಗೆ ಹೇಳೋಣ ಅಂತಿದ್ದೆ."

ನಾನು ಡಬ್ಬಿಗೆ ಮೂಗು ಇಟ್ಟೆ. ಏನೂ ಇರಲಿಲ್ಲ. ಒಗೆದ ಬಟ್ಟೆಗೆ ಇರುವಷ್ಟೂ ವಾಸನೆ ಇರಲಿಲ್ಲ.

ಹುಟ್ಟಿದಾರಭ್ಯ ಯಾರನ್ನೂ ಮೆಚ್ಚಿಸಲು ಒಂದು ಮಾತು ಆಡದವಳು, ಗಿರಾಕಿಗೂ ಯಜಮಾನರಿಗೂ ಸ್ವಂತ ಅಕ್ಕನಿಗೂ ಇಲ್ಲದ್ದು ಹೇಳದವಳು, ಅಷ್ಟು ಚೆನ್ನಾಗಿ ಮುಖ ಸಿಂಡರಿಸುವುದನ್ನು ಯಾವಾಗ ಕೂತು ಅಭ್ಯಾಸ ಮಾಡಿದ್ದಳೋ ಗೊತ್ತಿಲ್ಲ. ಇನ್ಯಾರೋ ಎಂದು ನಾನು ಅಂದುಕೊಂಡಿದ್ದವಳು ಇಷ್ಟು ದಿನ ನನ್ನನ್ನು ನೋಡುತ್ತಲೇ ಇದ್ದಳು.

ಕಣ್ಣೊರೆಸಿಕೊಂಡು ಹೊರಗೆ ಬಂದೆ. ಅವಳು ಊಟಕ್ಕೆ ಕಾಯುತ್ತ, ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾಳೆಯಿಂದ ಅದನ್ನ ತರಬೇಡ" ಎಂದಳು. "ತುಂಬಾ ನಾರುತ್ತೆ."

"ಹೂಂ ಚಿಕ್ಕಮ್ಮ" ಎಂದೆ. "ನಂಗೂ ತಡೆಯೋಕಾಗಲ್ಲ."